ಹೊಯ್ಗೆಯ ಮೇಲಿನ ಬೇಸಿಗೆ



ಏಪ್ರಿಲ್ ಬಂತೆಂದರೆ ಗೋಕರ್ಣ, ಕುಮಟಾ, ಅಂಕೋಲಾ, ಕಾರವಾರದ ಕಡಲ ದಂಡೆಗಳಲ್ಲಿ ಜನವೋ ಜನ. ಶಾಲೆಗಳಿಗೆ ರಜೆ. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ, ಬೆಳಗಾವಿಯಿಂದ ಸಂಸಾರ ಸಮೇತ ಬರುತ್ತಾರೆ. ನೀವೂ ಬಂದಿರಬಹುದು. ನೀರಿಗಿಳಿದು ಆಡಿರುತ್ತೀರಿ. ಸಂಜೆ ಸೂರ್ಯ ಮುಳುಗುವುದನ್ನು ನೋಡಿರುತ್ತೀರಿ. ಮೀನೂಟ ಮಾಡಿ ಊರಿಗೆ ಮರಳಿರುತ್ತೀರಿ. ಆ ಎರಡು ದಿನ ನಿಮ್ಮ ಸುತ್ತಮುತ್ತ ನಾವೂ ಇದ್ದೆವು, ಈ ಊರಿನವರು. ನಾವು ಆಗ ಏನು ಮಾಡುತ್ತಿದ್ದೆವು ಎಂಬುದನ್ನು ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ.

ನನ್ನದು ಗಂಗಾವಳಿ ಮತ್ತು ಅಘನಾಶಿನಿ ನದಿಗಳ ನಡುವಿನ ಊರು. ಉತ್ತರಕ್ಕೆ ಒಂದು ಅಳಿವೆ, ದಕ್ಷಿಣಕ್ಕೆ ಇನ್ನೊಂದು. ಪಶ್ಚಿಮಕ್ಕೆ ಕಡಲು. ಪೂರ್ವಕ್ಕೆ ಗದ್ದೆ, ಗುಡ್ಡ, ಅದರಾಚೆ ಘಟ್ಟ. ಇವುಗಳ ಮಧ್ಯೆ ಒಂದು ಪಟ್ಟಿ ಹೊಯ್ಗೆ. ಮರಳಿಗೆ ನಮ್ಮ ಕಡೆ ಹೊಯ್ಗೆ ಎನ್ನುತ್ತೇವೆ. ಈ ಹೊಯ್ಗೆಯ ಪಟ್ಟಿಯೇ ಬೇಸಿಗೆಯಲ್ಲಿ ನಮ್ಮ ಊರಿನ ಅಂಗಳ.

ಬೇಸಿಗೆಯ ಮಾತಿಗೆ ಮೊದಲು ಮಳೆಯ ಮಾತು ಆಡಬೇಕು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಆ ನಾಲ್ಕು ತಿಂಗಳಲ್ಲಿ ಬಟ್ಟೆ ಒಣಗುವುದಿಲ್ಲ. ಕಟ್ಟಿಗೆ ಒಣಗುವುದಿಲ್ಲ. ಕಡಲು ಎದ್ದು ನಿಂತಿರುತ್ತದೆ, ಬಹಳ ದಿನ ದೋಣಿ ಇಳಿಸುವ ಹಾಗಿಲ್ಲ. ಹಸಿ ಮೀನು ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಕೈಗೆಟುಕುವುದಿಲ್ಲ. ಹಾಗಾಗಿ ಆ ನಾಲ್ಕು ತಿಂಗಳಿಗೆ ಬೇಕಾದದ್ದನ್ನು ಬೇಸಿಗೆಯಲ್ಲೇ ಕೂಡಿಡಬೇಕು. ಮೀನು ಒಣಗಿಸಬೇಕು. ಉಪ್ಪು ತುಂಬಬೇಕು. ಈರುಳ್ಳಿ ಕಟ್ಟಬೇಕು. ಹಪ್ಪಳ ಹಾಕಬೇಕು. ಮಾಡಿನ ಹಂಚು ನೋಡಬೇಕು. ಇವೆಲ್ಲವಕ್ಕೂ ಬಿಸಿಲು ಬೇಕು, ಗಾಳಿ ಬೇಕು, ಹರಡಲು ಜಾಗ ಬೇಕು. ಫೆಬ್ರವರಿಯಿಂದ ಮೇ ತಿಂಗಳ ಕೊನೆಯವರೆಗೆ ನಮಗೆ ಈ ಮೂರೂ ಒಟ್ಟಿಗೆ ಸಿಗುವುದು ಕಡಲ ದಂಡೆಯಲ್ಲಿ.

ಗಾಳಿ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ದಿನಚರಿ ನಡೆಯುವುದೇ ಅದರ ಮೇಲೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ನಿಧಾನವಾಗಿ ತಣಿಯುತ್ತದೆ. ಆಗ ಗಾಳಿ ನೆಲದಿಂದ ಕಡಲಿನ ಕಡೆಗೆ ಹೋಗುತ್ತದೆ. ಬೆಳಗಿನ ಜಾವ ದಂಡೆಯಲ್ಲಿ ನಿಂತರೆ ಬೆನ್ನಿಗೆ ತಂಪು ತಾಗುತ್ತದೆ. ಹಾಯಿ ಕಟ್ಟುತ್ತಿದ್ದ ಕಾಲದಲ್ಲಿ ದೋಣಿಗಳು ಈ ಗಾಳಿ ಹಿಡಿದೇ ಹೊರಡುತ್ತಿದ್ದವು. ಸೂರ್ಯ ಮೇಲೇರಿದ ಹಾಗೆ ನೆಲ ಕಾಯುತ್ತದೆ. ಒಂಬತ್ತು ಗಂಟೆಯ ಹೊತ್ತಿಗೆ ಗಾಳಿ ನಿಂತುಬಿಡುತ್ತದೆ. ಎಲೆ ಅಲುಗುವುದಿಲ್ಲ. ಬೆವರು ಹರಿಯುತ್ತದೆ. ನಮ್ಮಲ್ಲಿ ಬೇಸಿಗೆಯ ತಾಪಮಾನ 34, 35 ಡಿಗ್ರಿಯ ಆಸುಪಾಸು ಅಷ್ಟೇ. ಕಲಬುರಗಿ, ರಾಯಚೂರಿನವರಿಗೆ ಅದೇನು ಮಹಾ ಎನ್ನಿಸಬಹುದು. ಆದರೆ ಗಾಳಿಯಲ್ಲಿ ನೀರಿನ ಅಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ. ಮೈ ತಣಿಯುವುದಿಲ್ಲ. ಹನ್ನೊಂದು ಗಂಟೆ ದಾಟಿದ ಮೇಲೆ ಕಡಲ ಗಾಳಿ ಏಳುತ್ತದೆ. ಮಧ್ಯಾಹ್ನ ಎರಡು, ಮೂರರ ಹೊತ್ತಿಗೆ ಜೋರಾಗುತ್ತದೆ. ತೆಂಗಿನ ಗರಿಗಳೆಲ್ಲ ಪೂರ್ವಕ್ಕೆ ಬಾಗುತ್ತವೆ. ಆಗಲೇ ಊರಿಗೆ ಜೀವ ಬರುತ್ತದೆ.

ಹೀಗೆ ದಿನಕ್ಕೆ ಎರಡು ಗಾಳಿ, ನಡುವೆ ಒಂದು ಉಸಿರುಗಟ್ಟುವ ಹೊತ್ತು. ಕೆಲಸವೆಲ್ಲ ಇದಕ್ಕೆ ಹೊಂದಿಕೊಂಡೇ ನಡೆಯುತ್ತದೆ. ಈಗ ಮೀನಿನ ಕೆಲಸಕ್ಕೆ ಬರುತ್ತೇನೆ.

ಬೆಳಿಗ್ಗೆ ಆರೂವರೆ, ಏಳರ ಹೊತ್ತಿಗೆ ದೋಣಿ ದಂಡೆಗೆ ಬರುತ್ತದೆ. ಒಳ್ಳೆಯ ಮೀನು ಹಸಿಯಾಗಿಯೇ ಪೇಟೆಗೆ ಹೋಗುತ್ತದೆ. ಉಳಿದದ್ದು, ಸಣ್ಣದು, ಒಮ್ಮೆಲೇ ರಾಶಿ ಬಿದ್ದು ಬೆಲೆ ಕಳೆದುಕೊಂಡದ್ದು ಒಣಗಿಸಲು ಬರುತ್ತದೆ. ಬಂಗಡೆ, ತಾರ್ಲೆ, ಶೆಟ್ಲಿ. ಶೆಟ್ಲಿ ಎಂದರೆ ಸಿಗಡಿ. ಈ ಕೆಲಸ ಪೂರ್ತಿ ಹೆಂಗಸರದ್ದು. ಹರಿಕಾಂತ, ಖಾರ್ವಿ, ಅಂಬಿಗ, ಗಾಬಿತ ಮನೆಗಳ ಹೆಂಗಸರು.

ಸಣ್ಣ ಮೀನಿಗೆ ಉಪ್ಪು ಬೇಡ. ಕಡಲ ನೀರಿನಲ್ಲಿ ತೊಳೆದು ಹಾಗೆಯೇ ಹರಡುತ್ತಾರೆ. ಬಂಗಡೆಯಂಥ ದಪ್ಪ ಮೀನಿಗೆ ಹಾಗಲ್ಲ. ಅದನ್ನು ಬೆನ್ನಿನ ಕಡೆಯಿಂದ ಸೀಳಿ, ಕರುಳು ತೆಗೆದು, ಪುಸ್ತಕ ಬಿಡಿಸಿದ ಹಾಗೆ ಬಿಡಿಸುತ್ತಾರೆ. ನಾಲ್ಕು ಪಾಲು ಮೀನಿಗೆ ಒಂದು ಪಾಲು ಉಪ್ಪು. ಒಂದು ಪದರ ಮೀನು, ಒಂದು ಪದರ ಉಪ್ಪು ಹಾಕಿ ಒಂದು ರಾತ್ರಿ ಇಡುತ್ತಾರೆ. ಮೀನಿನ ನೀರು ಬಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಅದನ್ನು ತೆಗೆದು, ಮೇಲಿನ ಉಪ್ಪು ಕೊಡವಿ, ಬಿಸಿಲಿಗೆ ಹಾಕುತ್ತಾರೆ. ಹಳೆಯ ಬಲೆಯೊಂದನ್ನು ಹೊಯ್ಗೆಯ ಮೇಲೆ ಹಾಸಿ ಅದರ ಮೇಲೆ ಹರಡುತ್ತಾರೆ. ನೇರವಾಗಿ ಹೊಯ್ಗೆಗೆ ತಾಗಿದರೆ ಮೀನಿಗೆ ಕಸರು ಹಿಡಿಯುತ್ತದೆ, ತಿನ್ನುವಾಗ ಹಲ್ಲಿಗೆ ಸಿಗುತ್ತದೆ, ಪೇಟೆಯಲ್ಲಿ ಬೆಲೆ ಇಳಿಯುತ್ತದೆ. ಈಚೆಗೆ ಕಂಬ ನೆಟ್ಟು, ಸೊಂಟದೆತ್ತರಕ್ಕೆ ಬಲೆ ಬಿಗಿದು ಒಣಗಿಸುವವರೂ ಇದ್ದಾರೆ. ಕೆಳಗಿನಿಂದಲೂ ಗಾಳಿಯಾಡುವುದರಿಂದ ಬೇಗ ಒಣಗುತ್ತದೆ. ಇದು ಎಲ್ಲ ಕಡೆ ಬರಬೇಕು ಎಂದು ನನ್ನ ಆಸೆ.

ಬೆಂಕಿಯಂಥ ಬಿಸಿಲಿದ್ದರೆ ಸಾಕು, ಮೀನು ತಾನೇ ಒಣಗುತ್ತದೆ ಎಂದು ನೋಡುವವರಿಗೆ ಅನ್ನಿಸುತ್ತದೆ. ನಮ್ಮ ಕೇರಿಯ ದೊಡ್ಡಮ್ಮ ಒಬ್ಬರು ಹೇಳುವ ಮಾತು ಬೇರೆ. "ಬಿಸಿಲು ಹೆಚ್ಚಾದರೆ ಮೀನು ಬೇಯುತ್ತದೆ ತಮ್ಮಾ, ಗಾಳಿ ಬಂದರೆ ಒಣಗುತ್ತದೆ." ಅದು ನಿಜ. ಗಾಳಿಯಿಲ್ಲದ ಕಡು ಬಿಸಿಲಿಗೆ ಮೀನಿನ ಮೇಲ್ಮೈ ಗಟ್ಟಿಯಾಗಿ, ಒಳಗೆ ಹಸಿ ಉಳಿಯುತ್ತದೆ. ಹಾಗೆ ಉಳಿದದ್ದು ಆಷಾಢದಲ್ಲಿ ಹುಳ ಹಿಡಿಯುತ್ತದೆ. ಅದಕ್ಕೇ ಗಂಟೆಗೊಮ್ಮೆ ತಿರುವಿ ಹಾಕಬೇಕು. ಒಂದೊಂದನ್ನೇ, ಕೈಯಿಂದ. ಕಾಗೆ, ಹದ್ದು, ನಾಯಿ ಕಾಯಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಎಲ್ಲವನ್ನೂ ಬಳಿದು ಮುಚ್ಚಿಡಬೇಕು. ಮಾರನೆಯ ದಿನ ಮತ್ತೆ ಹರಡಬೇಕು. ಒಣಗಿದೆಯೋ ಇಲ್ಲವೋ ಎಂದು ನೋಡಲು ಆ ದೊಡ್ಡಮ್ಮ ಮೀನಿನ ಬಾಲದ ಹತ್ತಿರ ಹೆಬ್ಬೆರಳಿನಿಂದ ಒತ್ತುತ್ತಾರೆ. ಗುಳಿ ಬಿದ್ದರೆ ಇನ್ನೂ ಒಂದು ದಿನ. ಬೀಳದಿದ್ದರೆ ಡಬ್ಬಕ್ಕೆ.

ಹೀಗೆ ಒಣಗಿದ ಮೀನಿನಲ್ಲಿ ಸ್ವಲ್ಪ ಮನೆಯ ಅಟ್ಟಕ್ಕೆ ಹೋಗುತ್ತದೆ, ಉಳಿದದ್ದು ಸಂತೆಗೆ. ಮೇ ತಿಂಗಳಲ್ಲಿ ಕಾರವಾರದ ರವಿವಾರದ ಸಂತೆಗೆ ಬಂದು ನೋಡಿ. ಒಣಮೀನಿನ ಸಾಲು ಹುಡುಕಬೇಕಾಗಿಲ್ಲ, ಮೂಗೇ ದಾರಿ ತೋರಿಸುತ್ತದೆ. ಘಟ್ಟದ ಮೇಲಿನವರೂ ಮಳೆಗಾಲಕ್ಕೆಂದು ಇಲ್ಲಿಂದಲೇ ಒಯ್ಯುತ್ತಾರೆ. ಜುಲೈ ತಿಂಗಳ ಮಳೆಯಲ್ಲಿ ಕುಚ್ಚಲಕ್ಕಿ ಗಂಜಿ, ಜೊತೆಗೆ ಕೆಂಡದ ಮೇಲೆ ಸುಟ್ಟ ಒಣ ಬಂಗಡೆಯ ಒಂದು ತುಂಡು. ದುಡಿಯುವ ಮನೆಗಳಲ್ಲಿ ಎಷ್ಟೋ ದಿನ ಅದೇ ಊಟ.

ಮೀನಿಗೆ ಉಪ್ಪು ಬೇಕು ಎಂದೆ. ಆ ಉಪ್ಪು ಎಲ್ಲಿಂದ ಬರುತ್ತದೆ? ಅದೂ ನಮ್ಮಲ್ಲೇ ಆಗುತ್ತದೆ, ಅದೂ ಬೇಸಿಗೆಯಲ್ಲೇ.

ಗೋಕರ್ಣದ ಹತ್ತಿರ ಸಾಣಿಕಟ್ಟಾ ಎಂಬ ಊರಿದೆ. ಯಶವಂತ ಚಿತ್ತಾಲರನ್ನು ಓದಿದವರಿಗೆ ಹನೇಹಳ್ಳಿ ಗೊತ್ತಿರುತ್ತದೆ. ಅದರ ಪಕ್ಕದ ಊರೇ ಇದು. ಅಲ್ಲಿ ಅಘನಾಶಿನಿಯ ಹಿನ್ನೀರಿನ ಅಂಚಿಗೆ ಉಪ್ಪಿನ ಆಗರಗಳಿವೆ. ನೀವು ಕಂಡಿಲ್ಲವಾದರೆ ಹೀಗೆ ಊಹಿಸಿಕೊಳ್ಳಿ. ಕಣ್ಣು ಹಾಯುವಷ್ಟು ದೂರ ಸಪಾಟು ನೆಲ. ಮೊಣಕಾಲಿಗಿಂತ ತಗ್ಗಾದ ಮಣ್ಣಿನ ಬದುಗಳು. ಬದುಗಳ ನಡುವೆ ಚೌಕ ಚೌಕವಾದ ಪಾತಿಗಳು. ಪಾತಿಯಲ್ಲಿ ಬೆರಳ ಗೆಣ್ಣಿನಷ್ಟು ನೀರು. ನೀರಿನ ಬಣ್ಣ ಒಂದೊಂದು ಪಾತಿಯಲ್ಲಿ ಒಂದೊಂದು. ಕೊನೆಯ ಪಾತಿಗಳಲ್ಲಿ ಬೆಳ್ಳಗೆ ಉಪ್ಪು ಕಟ್ಟಿರುತ್ತದೆ.

ಕೆಲಸ ನಡೆಯುವುದು ಹೀಗೆ. ಭರತದ ಹೊತ್ತಿನಲ್ಲಿ, ಎಂದರೆ ನೀರು ಏರುವಾಗ, ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಅದು ಒಂದು ಪಾತಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗುತ್ತದೆ. ಸಾಗುತ್ತಾ ಆವಿಯಾಗುತ್ತದೆ, ದಪ್ಪವಾಗುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿರುವ ಒಟ್ಟು ಲವಣ 35 ಗ್ರಾಂನಷ್ಟು ಮಾತ್ರ. ಒಂದು ಕಿಲೋ ಅಡುಗೆ ಉಪ್ಪು ಬರಬೇಕಾದರೆ 35, 40 ಲೀಟರ್ ನೀರು ಸೂರ್ಯನಿಗೆ ಹೋಗಬೇಕು. ಬೆಂಕಿಯಿಲ್ಲ, ಯಂತ್ರವಿಲ್ಲ. ಬಿಸಿಲು ಮತ್ತು ಗಾಳಿ, ಅಷ್ಟೇ. ಉಪ್ಪು ಎಳೆಯುವವರು ನಸುಕಿನಲ್ಲೇ ಬರುತ್ತಾರೆ. ಬರಿಗಾಲು. ಉದ್ದ ಹಿಡಿಯ ಮರದ ಹಲಗೆಯಿಂದ ಉಪ್ಪನ್ನು ಮೆಲ್ಲಗೆ ಬದುವಿನ ಕಡೆಗೆ ಎಳೆಯುತ್ತಾರೆ. ಒತ್ತಿ ಎಳೆದರೆ ಕೆಳಗಿನ ಮಣ್ಣು ಎದ್ದು ಉಪ್ಪು ಕಂದಾಗುತ್ತದೆ. ತೀರ ಹಗುರವಾಗಿ ಎಳೆದರೆ ಅರ್ಧ ಉಪ್ಪು ಅಲ್ಲೇ ಉಳಿಯುತ್ತದೆ. ಆ ಕೈಯ ಹದ ಬರಲು ವರ್ಷಗಳು ಬೇಕು. ಬಿಸಿಲು ಏರಿದ ಮೇಲೆ ಆಗರದಲ್ಲಿ ನಿಲ್ಲುವುದು ಕಷ್ಟ. ಮೇಲಿನಿಂದ ಸೂರ್ಯ, ಕೆಳಗಿನಿಂದ ಉಪ್ಪಿನ ಬಿಳಿ. ಕಣ್ಣು ಉರಿಯುತ್ತದೆ. ಹಿಮ್ಮಡಿಯ ಬಿರುಕಿಗೆ ಉಪ್ಪು ಇಳಿಯುತ್ತದೆ.

ಏಪ್ರಿಲ್ ಕೊನೆಗೆ ಅಕಾಲ ಮಳೆ ಒಂದು ತಾಸು ಹೊಡೆದರೆ ಹಲವು ದಿನಗಳ ಕೆಲಸ ಕರಗಿ ನೀರಾಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಬೇಸಿಗೆಯ ಕೊನೆಯ ಎರಡು ವಾರ ನಮಗೆ ಎಷ್ಟು ಬೆಲೆಯದು ಎಂಬುದು ಇಂಥ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಈ ಉಪ್ಪಿಗೆ ಇನ್ನೊಂದು ಹೆಮ್ಮೆಯೂ ಇದೆ. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ಸರಿಯಾಗಿ ಒಂದು ವಾರಕ್ಕೆ, ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಅಂಕೋಲೆಯಲ್ಲಿ ಜನ ಉಪ್ಪಿನ ಕಾನೂನು ಮುರಿದರು. ತಿಂಗಳು ಗಮನಿಸಿ. ಏಪ್ರಿಲ್. ಆ ಜನ ಕಡಲ ನೀರಿನಿಂದ ಉಪ್ಪು ತೆಗೆಯುವುದನ್ನು ಸತ್ಯಾಗ್ರಹಕ್ಕಾಗಿ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಅದು ಅವರು ಪ್ರತಿ ಬೇಸಿಗೆಯಲ್ಲೂ ಕಣ್ಣಾರೆ ಕಾಣುತ್ತಿದ್ದ ಕೆಲಸ.

ಮೀನಾಯಿತು, ಉಪ್ಪಾಯಿತು. ಈ ಎರಡಕ್ಕೂ ಹತ್ತಿರದ್ದು ಅಳಿವೆಯ ಕೆಲಸ. ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಶಿರಸಿಯ ಶಂಕರಹೊಂಡದಿಂದ ಹೊರಟು, ಸುಮಾರು 120 ಕಿಲೋಮೀಟರ್ ಹರಿದು ಕಡಲಿಗೆ ಸೇರುತ್ತದೆ. ಬೇಸಿಗೆಯಲ್ಲಿ ನದಿಯ ಸಿಹಿನೀರು ಕಡಿಮೆಯಾಗಿ ಕಡಲ ನೀರು ಒಳಗೊಳಗೆ ಏರುತ್ತದೆ. ಆಗ ಕೆಸರಿನಲ್ಲಿ ಚಿಪ್ಪಿ ಬೆಳೆಯುತ್ತದೆ. ಬಳಚು ಎನ್ನುತ್ತೇವೆ. ನೀರು ಇಳಿಯುವ ಹೊತ್ತು ನೋಡಿಕೊಂಡು ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಹೊರಡುತ್ತಾರೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲ ಬೆರಳಿನಿಂದ ಕೆಸರು ತಡಕಿ ಬಳಚು ಹುಡುಕುವವರನ್ನು ನಾನು ದಿನವೂ ನೋಡುತ್ತೇನೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಹಾಗಾಗಿ ಇವರ ಕೆಲಸದ ಗಂಟೆಯೂ ದಿನದಿನಕ್ಕೆ ಬೇರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ತುಂಬ ಇಳಿಯುತ್ತದೆ. ಆ ದಿನಗಳಲ್ಲಿ ಊರಿಗೆ ಊರೇ ಅಳಿವೆಯಲ್ಲಿರುತ್ತದೆ. 2024ರಲ್ಲಿ ಈ ಅಳಿವೆಯ ಸುಮಾರು 4,800 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಲೋಕವೇ ಮುಖ್ಯವೆಂದು ಒಪ್ಪಿದ ಜೌಗು ನೆಲಗಳ ಪಟ್ಟಿ ಅದು. ನಮಗೆ ಬಹಳ ಸಂತೋಷವಾಯಿತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ನೀರಿನಿಂದ ಬಂದದ್ದು. ಇನ್ನು ಹೊಯ್ಗೆಯಿಂದಲೇ ಬೆಳೆದದ್ದನ್ನು ಹೇಳುತ್ತೇನೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಕಡಲ ಹತ್ತಿರದ ಗದ್ದೆಗಳಲ್ಲಿ ಶೇಂಗಾ, ಕಲ್ಲಂಗಡಿ, ತರಕಾರಿ ಹಾಕುತ್ತಾರೆ. ಗೋಕರ್ಣದ ಸುತ್ತ ಹಾಲಕ್ಕಿ ಒಕ್ಕಲಿಗರ ತರಕಾರಿ ಗದ್ದೆಗಳು ನೋಡುವಂಥವು. ಹೊಯ್ಗೆಯಲ್ಲಿ ಕೆಲವೇ ಅಡಿ ತೋಡಿದರೆ ಸಿಹಿನೀರು. ಕಡಲು ಕೂಗಳತೆಯಲ್ಲಿದ್ದರೂ ಸಿಹಿನೀರು. ಮಳೆಯ ನೀರು ಹೊಯ್ಗೆಯೊಳಗೆ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ನಿಂತಿರುತ್ತದೆ. ಆಳಕ್ಕೆ ಕೊಳವೆ ಇಳಿಸಿ ಪಂಪು ಹಚ್ಚಿದರೆ ಕೆಳಗಿನ ಉಪ್ಪುನೀರು ಮೇಲೆ ಬರುತ್ತದೆ. ಅದು ಗೊತ್ತಿದ್ದೇ ಹಿಂದಿನವರು ಮೇಲಿನ ಗುಂಡಿಯಿಂದ ಕೊಡದಲ್ಲಿ ಮೊಗೆದು, ಎರಡೂ ಕೈಗೆ ಒಂದೊಂದು ಕೊಡ ಹಿಡಿದು, ನಡೆಯುತ್ತಾ ಗಿಡದ ಬುಡಕ್ಕೆ ಚೆಲ್ಲುತ್ತಿದ್ದರು. ಈಗಲೂ ಹಾಗೆ ಮಾಡುವವರಿದ್ದಾರೆ.

ಕುಮಟೆಯ ಸಿಹಿ ಈರುಳ್ಳಿಯ ಹೆಸರು ನೀವು ಕೇಳಿರುತ್ತೀರಿ. ಹಂದಿಗೋಣ, ವನ್ನಳ್ಳಿ, ಅಳ್ವೆಕೋಡಿಯ ಕಡೆಯ ಬೆಳೆ. ಗಾತ್ರ ದೊಡ್ಡದಲ್ಲ. ಬಣ್ಣ ತಿಳಿ ಕೆಂಪು. ಘಾಟು ಕಡಿಮೆ, ಹಸಿಯಾಗಿ ತಿನ್ನಲು ರುಚಿ. ಕಿತ್ತ ಮೇಲೆ ಎಲೆ ಕತ್ತರಿಸುವುದಿಲ್ಲ. ಎಲೆ ಬಾಡುವವರೆಗೆ ನೆರಳಿನಲ್ಲಿಟ್ಟು, ಆಮೇಲೆ ಎಲೆಗೆ ಎಲೆ ಹೆಣೆದು ಗೊಂಚಲು ಕಟ್ಟುತ್ತಾರೆ. ಕಟ್ಟುವವಳು ಕಾಲ ಹೆಬ್ಬೆರಳಿಗೆ ಗೊಂಚಲಿನ ತುದಿ ಸಿಕ್ಕಿಸಿಕೊಂಡು ಕೂರುತ್ತಾಳೆ. ದೊಡ್ಡ ಗಡ್ಡೆ ಕೆಳಗೆ, ಸಣ್ಣದು ಮೇಲೆ ಬರುವಂತೆ ಹೆಣೆಯುತ್ತಾಳೆ. ಬಿಗಿ ಹೆಚ್ಚಾದರೆ ಎಲೆ ಹರಿಯುತ್ತದೆ, ಸಡಿಲಾದರೆ ತೂಗುಹಾಕಿದಾಗ ಗಡ್ಡೆ ಉದುರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಂಚಿಗೆ ಚಪ್ಪರ ಹಾಕಿ, ಗಳುವಿಗೆ ಸಾಲಾಗಿ ಇವನ್ನು ತೂಗುಹಾಕಿರುತ್ತಾರೆ. ಕೊಂಡರೆ ಗೊಂಚಲು ಬಿಚ್ಚಬೇಡಿ. ಗಾಳಿಯಾಡುವ ಕಡೆ ನೇತುಹಾಕಿ, ಬೇಕಾದಾಗ ಒಂದೊಂದೇ ಮುರಿದುಕೊಳ್ಳಿ. ಮಳೆಗಾಲ ಪೂರ್ತಿ ಬರುತ್ತದೆ. ನಮ್ಮ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುವುದು ವಾಡಿಕೆ. ಹೊಗೆ ತಾಗಿ ಕೆಡುವುದಿಲ್ಲ.

ಇಷ್ಟು ಕೆಲಸದ ಮಾತು ಕೇಳಿ, ನಿಮ್ಮೂರಿನಲ್ಲಿ ಬೇಸಿಗೆ ಎಂದರೆ ಬರೀ ದುಡಿತವೇ ಎಂದು ಕೇಳಬಹುದು. ಖಂಡಿತ ಅಲ್ಲ. ಆಟವಿದೆ, ಹಬ್ಬವಿದೆ, ತಿನ್ನುವುದೂ ಇದೆ.

ತಿನ್ನುವುದರಿಂದ ಶುರುಮಾಡೋಣ. ಅಂಕೋಲೆಯ ಕರಿ ಈಶಾಡ ಮಾವು ಹಣ್ಣಾಗುವುದು ಮೇ ತಿಂಗಳಲ್ಲಿ. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಸಿಕ್ಕಿತು. ಸಿಪ್ಪೆ ತೆಳು, ತಿರುಳು ದಪ್ಪ. ಸಿಪ್ಪೆ ತೆಳುವಾದ್ದರಿಂದ ದೂರದ ಪೇಟೆಗೆ ಹೋಗುವುದು ಕಷ್ಟ. ಹಾಗಾಗಿ ಇದನ್ನು ತಿನ್ನಲು ಇಲ್ಲಿಗೇ ಬರಬೇಕು. ಮುರುಗಲು ಹಣ್ಣು ಕೂಡ ಅದೇ ಹೊತ್ತಿಗೆ. ಹಣ್ಣಿನ ಸಿಪ್ಪೆಗೆ ಬೆಲ್ಲ, ಏಲಕ್ಕಿ ಹಾಕಿ ಪಾನಕ ಮಾಡುತ್ತೇವೆ. ಉಳಿದ ಸಿಪ್ಪೆ ಮತ್ತೆ ಬಿಸಿಲಿಗೆ, ಮತ್ತೆ ಡಬ್ಬಕ್ಕೆ. ಹಲಸಿನ ಹಪ್ಪಳ ಹಾಕುವ ದಿನ ನಾಲ್ಕು ಮನೆಯ ಹೆಂಗಸರು ಒಂದೇ ಜಗಲಿಯಲ್ಲಿ ಸೇರುತ್ತಾರೆ. ಮುಂಬಯಿಯಿಂದ, ಬೆಂಗಳೂರಿನಿಂದ ಅಜ್ಜಿಮನೆಗೆ ಬಂದ ಮಕ್ಕಳಿಗೆ ಹಪ್ಪಳ ಕಾಯುವ ಕೆಲಸ. ಕಾಗೆ ಒಯ್ಯುವುದಕ್ಕಿಂತ ಅವರು ತಿನ್ನುವುದೇ ಹೆಚ್ಚು. ಹಸಿ ಹಪ್ಪಳದ ಹಿಟ್ಟಿನ ರುಚಿ ಹಾಗಿದೆ.

ಆಟ ಸಂಜೆಗೆ. ನೀರು ಇಳಿದಾಗ ದಂಡೆಯ ಒದ್ದೆ ಹೊಯ್ಗೆ ಗಟ್ಟಿಯಾಗಿ, ಸಪಾಟಾಗಿ ನಿಲ್ಲುತ್ತದೆ. ಅದೇ ನಮ್ಮ ಹುಡುಗರ ಕ್ರಿಕೆಟ್ ಮೈದಾನ. ವಾಲಿಬಾಲ್, ಕಬಡ್ಡಿ ಎಲ್ಲ ಅಲ್ಲೇ. ಪಂದ್ಯ ಎಷ್ಟು ಓವರಿನದು ಎಂಬುದನ್ನು ಆ ದಿನದ ಭರತ ನೋಡಿ ತೀರ್ಮಾನಿಸುತ್ತಾರೆ. ರಾತ್ರಿಗೆ ಯಕ್ಷಗಾನ. ಮೇಳಗಳ ತಿರುಗಾಟ ಮೇ ಕೊನೆಯವರೆಗೆ ನಡೆಯುತ್ತದೆ. ಕೊಯ್ದ ಗದ್ದೆಯೇ ರಂಗಸ್ಥಳ. ನಮ್ಮ ಕಡೆಯ ಬಂಡಿಹಬ್ಬಗಳೂ ಈ ತಿಂಗಳುಗಳಲ್ಲೇ. ಅಂಕೋಲೆಯ ಶಾಂತಾದುರ್ಗೆಯ ಬಂಡಿಹಬ್ಬ ವೈಶಾಖದ ಹುಣ್ಣಿಮೆಗೆ. ಹೊರಗೆ ದುಡಿಯಲು ಹೋದವರು ದೀಪಾವಳಿಗೆ ಬಾರದಿದ್ದರೂ ಬಂಡಿಹಬ್ಬಕ್ಕೆ ಬರುತ್ತಾರೆ.

ಹಬ್ಬ, ಆಟ, ಊಟದ ಮಾತಾಯಿತು. ಈಗ ನೀರಿಗಿಳಿಯುವ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಪ್ರತಿ ಬೇಸಿಗೆಯಲ್ಲೂ ನಮ್ಮ ದಂಡೆಗಳಲ್ಲಿ ಎಳೆಯ ಜೀವಗಳು ಹೋಗುತ್ತವೆ. ಅವರನ್ನು ಹುಡುಕಲು ದೋಣಿ ಇಳಿಸುವವರು ನಮ್ಮ ಊರಿನ ಮೀನುಗಾರರೇ. ಆ ತಂದೆ ತಾಯಿಯರ ಮುಖ ನೋಡುವುದು ಬಹಳ ಕಷ್ಟ.

ಕಡಲಿನಲ್ಲಿ ಅಲೆ ಒಡೆದು ದಂಡೆಗೆ ಬಂದ ನೀರು ಹಿಂದೆ ಹೋಗಬೇಕಲ್ಲ. ಅದು ಎಲ್ಲ ಕಡೆಯೂ ಸಮನಾಗಿ ಹೋಗುವುದಿಲ್ಲ. ಎಲ್ಲಿ ಹೊಯ್ಗೆ ತಗ್ಗಾಗಿ ಕಾಲುವೆಯಂತೆ ಆಗಿದೆಯೋ ಅಲ್ಲಿ ಒಟ್ಟಾಗಿ, ರಭಸವಾಗಿ ಹಿಂದೆ ಹೋಗುತ್ತದೆ. ದಂಡೆಯ ಮೇಲೆ ನಿಂತು ನೋಡಿದರೆ ಎಡಕ್ಕೆ, ಬಲಕ್ಕೆ ಬಿಳಿ ನೊರೆ ಒಡೆಯುತ್ತಿರುತ್ತದೆ. ನಡುವೆ ಒಂದು ಕಡೆ ನೊರೆಯಿಲ್ಲ, ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಹೊಸಬರು ಅದೇ ಒಳ್ಳೆಯ ಜಾಗವೆಂದು ಅಲ್ಲಿಗೇ ಇಳಿಯುತ್ತಾರೆ. ಸೆಳೆತ ಇರುವುದು ಅಲ್ಲೇ. ಅಕಸ್ಮಾತ್ ಸಿಕ್ಕಿಕೊಂಡರೆ ದಂಡೆಯ ಕಡೆಗೆ ನೇರವಾಗಿ ಈಜಬೇಡಿ. ಎಂಥ ಈಜುಗಾರನೂ ಅದರೆದುರು ಸೋಲುತ್ತಾನೆ. ದಂಡೆಗೆ ಸಮಾನಾಂತರವಾಗಿ, ಎಡಕ್ಕೋ ಬಲಕ್ಕೋ ಈಜಿ. ಸೆಳೆತದ ಅಗಲ ಹೆಚ್ಚಿರುವುದಿಲ್ಲ. ಅದನ್ನು ದಾಟಿದ ಮೇಲೆ ಅಲೆಯೇ ನಿಮ್ಮನ್ನು ದಂಡೆಗೆ ತರುತ್ತದೆ. ಈಜು ಬಾರದವರು ಕೈಯೆತ್ತಿ ಕೂಗಿ, ಆದಷ್ಟು ತೇಲಲು ನೋಡಿ. ಮೇ ಅರ್ಧ ಕಳೆದ ಮೇಲೆ ನಮ್ಮ ಮಕ್ಕಳನ್ನೂ ನಾವು ನೀರಿಗೆ ಬಿಡುವುದಿಲ್ಲ. ಮಳೆ ಇನ್ನೂ ಬಂದಿರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ. ಆದರೆ ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಅಲೆಗಳು ಅಷ್ಟೊತ್ತಿಗೆ ಇಲ್ಲಿಗೆ ಮುಟ್ಟತೊಡಗುತ್ತವೆ. ಕಾವಲಿನವರು ಸೀಟಿ ಊದಿದರೆ ಸಿಟ್ಟಾಗದೆ ಮೇಲೆ ಬನ್ನಿ. ದಂಡೆಯಲ್ಲಿ ಬಲೆ ಹೊಲಿಯುತ್ತ ಕೂತ ಅಣ್ಣನನ್ನು ಇಳಿಯುವ ಮೊದಲೇ ಒಂದು ಮಾತು ಕೇಳಿ. ಆ ದಿನದ ಕಡಲು ಹೇಗಿದೆಯೆಂದು ಅವನಿಗೆ ಗೊತ್ತಿರುತ್ತದೆ.

ನೀರಿನ ಎಚ್ಚರ ಹೇಳಿದೆ. ನೆಲದ ಮೇಲಿನ ಒಂದು ಮಾತು ಉಳಿದಿದೆ, ಅದೇ ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ಹೊಯ್ಗೆ ನಮ್ಮ ಅಂಗಳ ಎಂದೆ. ಆ ಅಂಗಳ ಕಿರಿದಾಗುತ್ತಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಜನ ಬರುವುದು ಹೆಚ್ಚಾಯಿತು. ಅದರಿಂದ ನಮ್ಮ ಹುಡುಗರಿಗೆ ಕೆಲಸ ಸಿಕ್ಕಿದೆ, ಎಳನೀರು ಮಾರುವವಳಿಗೆ ನಾಲ್ಕು ಕಾಸು ಆಗಿದೆ. ಅದು ಬೇಡವೆಂದು ನಾನು ಹೇಳಲಾರೆ. ಆದರೆ ಮೀನು ಒಣಗಿಸುತ್ತಿದ್ದ ಕಡೆ ಬೇಲಿ ಬಂದಿದೆ. ವಾಸನೆ ಬರುತ್ತದೆಂದು ಹೆಂಗಸರನ್ನು ಎಬ್ಬಿಸಿ ಕಳಿಸುವುದೂ ನಡೆದಿದೆ. ಕಡಲ ಕೊರೆತ ತಡೆಯಲು ಹಲವು ಕಡೆ ಕಲ್ಲಿನ ಗೋಡೆ ಹಾಕಿದ್ದಾರೆ. ಮನೆ ಉಳಿಯಿತು, ಸರಿ. ಆದರೆ ಗೋಡೆ ಬಂದಲ್ಲಿ ದೋಣಿ ಎಳೆಯಲು ಜಾಗವಿಲ್ಲ, ಮೀನು ಹರಡಲು ಜಾಗವಿಲ್ಲ. ಕಡಲಾಮೆಗೂ ಜಾಗವಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಆಲಿವ್ ರಿಡ್ಲೆ ಆಮೆಗಳು ರಾತ್ರಿ ದಂಡೆಗೆ ಬಂದು ಹೊಯ್ಗೆ ತೋಡಿ ನೂರರಷ್ಟು ಮೊಟ್ಟೆ ಇಡುತ್ತವೆ. ಮರಿ ಹೊರಬರಲು ಸುಮಾರು 50 ದಿನ ಬೇಕು. ಮೊಟ್ಟೆ ಕಂಡರೆ ಮೀನುಗಾರರು ಅರಣ್ಯ ಇಲಾಖೆಗೆ ಹೇಳುತ್ತಾರೆ. ಸುತ್ತ ಜಾಲರಿ ಕಟ್ಟುತ್ತಾರೆ. ದಂಡೆಯ ಮೇಲೆ ಜೀಪು ಓಡಿಸುವವರಿಗೆ ಕೆಳಗೆ ಏನಿದೆ ಎಂಬುದು ಕಾಣುವುದಿಲ್ಲ.

ಪ್ರತಿ ಮೀನುಗಾರರ ಊರಿನಲ್ಲೂ ಒಣಗಿಸುವ ಜಾಗ ಇಂತಿಷ್ಟು, ದೋಣಿ ಎಳೆಯುವ ಜಾಗ ಇಂತಿಷ್ಟು ಎಂದು ಪಂಚಾಯತಿ ಗುರುತು ಹಾಕಿ, ಬರೆದಿಡಬೇಕು. ಅದನ್ನು ಯಾರಿಗೂ, ಯಾವ ಬೆಲೆಗೂ ಕೊಡಬಾರದು. ಇದು ದೊಡ್ಡ ಖರ್ಚಿನ ಕೆಲಸವಲ್ಲ. ಬಾಯಿಮಾತಿನ ರೂಢಿಯಲ್ಲಿ ಈಗಾಗಲೇ ಎಲ್ಲರಿಗೂ ಗೊತ್ತಿರುವುದನ್ನು ಕಾಗದಕ್ಕೆ ತರುವುದು, ಅಷ್ಟೇ. ಬೇಸಿಗೆಯ ಆ ನಾಲ್ಕು ತಿಂಗಳು ಆ ನೆಲ ಹೆಂಗಸರ ಕೈಯಲ್ಲಿ ಉಳಿದರೆ ಮಳೆಗಾಲದ ನಾಲ್ಕು ತಿಂಗಳು ಅವರ ಮನೆಯ ಒಲೆ ಉರಿಯುತ್ತದೆ.

ಮೇ 31 ನಮ್ಮ ಬೇಸಿಗೆಯ ಕೊನೆಯ ದಿನ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವದು. ತದಡಿ ಬಂದರಿನಲ್ಲಿ ಟ್ರಾಲರುಗಳು ಒತ್ತೊತ್ತಾಗಿ ನಿಲ್ಲುತ್ತವೆ. ದಂಡೆಯ ದೋಣಿಗಳನ್ನು ಅಲೆ ಮುಟ್ಟದಷ್ಟು ಮೇಲಕ್ಕೆ ಎಳೆದು, ತೆಂಗಿನ ಮಡಲು ಹೊದೆಸಿ ಮುಚ್ಚುತ್ತೇವೆ. ದೊಡ್ಡ ದೋಣಿಯಾದರೆ ಎಳೆಯಲು ಇಪ್ಪತ್ತು, ಮೂವತ್ತು ಜನ ಬೇಕು. ಮೇ ಕೊನೆಯ ವಾರ ನೀವು ನಮ್ಮ ಕಡೆ ಬಂದಿದ್ದರೆ, ಹಗ್ಗ ಹಿಡಿದ ಸಾಲು ಕಂಡರೆ, ಚಪ್ಪಲಿ ಬಿಟ್ಟು ಸೇರಿಕೊಳ್ಳಿ. ಯಾರೂ ಬೇಡ ಎನ್ನುವುದಿಲ್ಲ. ಎಲ್ಲರೂ ಒಟ್ಟಿಗೆ ಕೂಗಿದಾಗ ಮಾತ್ರ ಎಳೆಯಬೇಕು, ನಡುವೆ ಬಿಡಬಾರದು. ದೋಣಿ ಮೇಲೆ ಬಂದ ಮೇಲೆ ಮುರುಗಲು ಪಾನಕ ನಿಮಗೂ ಒಂದು ಲೋಟ ಬರುತ್ತದೆ.